ಒಂಟಿ ಕಾಲಿನ ನವಿಲು

ಹೆಂಡತಿಯ ಮೇಲೆ ಎಳ್ಳಷ್ಟೂ ಅನುಮಾನ ಇಲ್ಲದಿರುವುದೇ ಬನಹಟ್ಟಿಯ ಕರೆಪ್ಪನಿಗೆ ದೊಡ್ಡ ಕೊರಗಾಗಿಬಿಟ್ಟಿತು. ಹಿಂದಿನ ದಿನದವರೆಗೆ ಈ ಕೊರಗು ಇರಲಿಲ್ಲ. ಮನೆಗೆ ಹೊಂದಿಕೊಂಡ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು, ಮಂಡಿನೋವಿನ ತಾಯಿ ಗುರುಬಾಯಿ ಇದ್ದಳು, ಆ ನಾಲ್ಕೂ ಮಗ್ಗಗಳ ಸದ್ದನ್ನು ಮೀರಿ ಮಾತನಾಡಬಲ್ಲ ಹೆಂಡತಿ ಉಜ್ವಲಾ ಇದ್ದಳು. ಹೊತ್ತು ಹೊತ್ತಿಗೆ ಬಿಸಿ ರೊಟ್ಟಿ ಸಿಗುತ್ತಿತ್ತು. ಹೀಗೆ ಹಾಯಾಗಿದ್ದವನ ತಲೆ ಕೆಡಿಸಿದವನು ನೂಲಿನ ಅಂಗಡಿಯ ಕಾಮಣ್ಣ.

ಕಾಮಣ್ಣ ಅವನ ಚಡ್ಡಿ ದೋಸ್ತ. ಅವತ್ತು ಚಹಾದಂಗಡಿಯ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಚುನಾವಣೆ ಗೆದ್ದವನ ಠೀವಿಯಲ್ಲಿ ಕೂತಿದ್ದ.

"ನಮ್ಮಾಕಿ ಪಾಸಾದ್ಲು ನೋಡಪಾ," ಎಂದ.

"ಯಾವ ಪರೀಕ್ಷಾ? ಮಂಗಲಾ ವೈನಿ ಮತ್ತ ಸಾಲಿಗೆ ಹೊಂಟಾರೇನು?"

"ಸಾಲಿ ಅಲ್ಲೋ ಮಾರಾಯಾ, ನಿಷ್ಠಾದ ಪರೀಕ್ಷಾ! ಹೊಸಾ ಸಿಮ್ ತಗೊಂಡು, 'ನಾ ನಿಮ್ಮ ಅಭಿಮಾನಿ ಅದೀನಿ, ಒಮ್ಮೆ ಮಾತಾಡ್ರಿ' ಅಂತ ಮೆಸೇಜ್ ಹಾಕಿದೆ. ಆಕಿ ಏನ್ ಕಳಿಸಿದ್ಲು ಗೊತ್ತೇನು? ಚಪ್ಪಲಿ ಚಿತ್ರ! ಒಂದಲ್ಲ, ಪೂರಾ ಚಪ್ಪಲಿ ಅಂಗಡಿನ ಕಳಿಸಿದ್ಲು. ಆಮ್ಯಾಲೆ ಬ್ಲಾಕ್. ಎದಿ ತಂಪಾತು ನೋಡು."

"ಛಲೋ ಆತಲ್ಲ."

"ನಿನ್ನಾಕಿದೇನು?"

"ನನ್ನಾಕಿಗೇನಾಗೈತಿ? ಛಲೋನ ಅದಾಳ."

"ಅದು ನಿನಗ ಹೆಂಗ ಗೊತ್ತು?"

"ಹೆಂಗ ಅಂದ್ರ... ಗೊತ್ತೈತಿ."

"ಪರೀಕ್ಷಾಕ್ಕ ಕುಂಡ್ರದ ಪಾಸಾದೆ ಅಂದ್ರ ಯಾರರ ಒಪ್ಪತಾರೇನಪಾ?" ಎಂದು ಕಾಮಣ್ಣ ಕಪ್ಪು ಕೆಳಗಿಟ್ಟು ಎದ್ದುಹೋದ. ಚಹಾದ ಬಿಲ್ಲನ್ನೂ ಕೊಡಲಿಲ್ಲ.

ಕರೆಪ್ಪನಿಗೆ ಚುಚ್ಚಿತು. ಉಜ್ವಲಾ ಎಂಥವಳೆಂದು ಅವನಿಗೆ ಗೊತ್ತಿತ್ತು. ಆದರೆ ಕಾಮಣ್ಣನ ಹೆಂಡತಿ ಪಾಸಾದವಳು, ತನ್ನ ಹೆಂಡತಿ ಬರೀ ಹೆಂಡತಿ ಎಂದರೆ ಹೇಗೆ? ಪರೀಕ್ಷೆಯೊಂದನ್ನು ಇಟ್ಟುಬಿಟ್ಟರೆ ಉಜ್ವಲಾ ಮಂಗಲಾಳಿಗಿಂತ ಹೆಚ್ಚು ಅಂಕ ತೆಗೆಯುವುದರಲ್ಲಿ ಸಂಶಯವೇ ಇರಲಿಲ್ಲ. ಯಾವನೋ ಕಳಿಸಿದ ಉಡುಗೊರೆಯನ್ನು ಅಂಗಳಕ್ಕೆ ಎಸೆದು, "ರೀ, ಹೋಗಿ ಆ ಹಲ್ಕಟ್‌ನ ಹಲ್ಲು ಮುರದು ಬರ್ರಿ!" ಎಂದು ಅವಳು ಗರ್ಜಿಸುತ್ತಾಳೆ. ಆಗ ತಾನು ಮೆಲ್ಲಗೆ ನಕ್ಕು, ಆ ಹಲ್ಕಟ್ ತಾನೇ ಎಂದು ಹೇಳಿ, ಭಲೆ ಎಂದು ಬೆನ್ನು ತಟ್ಟಬೇಕು. (ಗರ್ಜಿಸಿದವಳು ಆ ಮಾತು ಕೇಳಿ ಸುಮ್ಮನೆ ಬೆನ್ನು ತಟ್ಟಿಸಿಕೊಳ್ಳುತ್ತಾಳೆಯೇ ಎಂಬ ಸಣ್ಣ ಪ್ರಶ್ನೆ ಮಹಾಶಯರಿಗೆ ಹೊಳೆಯಲೇ ಇಲ್ಲ.)

ಆದರೂ ಮನಸ್ಸಾಕ್ಷಿ ಎಂಬುದೊಂದು ಇರುತ್ತದಲ್ಲ, ಅದು ಸ್ವಲ್ಪ ಕೆರೆಯಿತು. ಅದನ್ನು ತಣ್ಣಗೆ ಮಾಡಲೆಂದು, ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಸೋಸುತ್ತಿದ್ದ ತಾಯಿಯ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತ.

"ಯವ್ವಾ, ಒಬ್ಬರನ್ನ ಅವರಿಗೆ ಗೊತ್ತಿಲ್ಲದಂಗ ಪರೀಕ್ಷಾ ಮಾಡೂದು ಪಾಪೇನು?"

"ಹಾಲಿನಾವನ್ನ ಮಾಡು. ಪಾಪಿಲ್ಲ, ಪುಣ್ಯಾ ಬರ್ತೈತಿ."

"ಹಾಲಿನಾವನ್ನ ಅಲ್ಲ. ಮನಿ ಮಂದಿನ್ನ."

ಗುರುಬಾಯಿ ಸೊಪ್ಪು ಬಿಟ್ಟು ಮಗನ ಮುಖ ನೋಡಿದಳು. "ಯಾವ ಮನಿ ಮಂದಿನ್ನ?"

"ಸುಮ್ನ ಕೇಳಿದೆ ಬಿಡು."

"ನೀ ಸಣ್ಣಾವಿದ್ದಾಗಿಂದ ಸುಮ್ನ ಕೇಳಿದ್ದೆಲ್ಲಾ ನನ್ನ ಕೊಳ್ಳಿಗೆ ಬಂದೈತಿ," ಎಂದಳು ತಾಯಿ. ಇದನ್ನು ಕರೆಪ್ಪ ಸಂಪೂರ್ಣ ಒಪ್ಪಿಗೆ ಎಂದು ತಿಳಿದುಕೊಂಡು ಎದ್ದ.

ಉಡುಗೊರೆ ಏನು? ಹೆಂಗಸಿಗೆ ಕಳಿಸುವ ಉಡುಗೊರೆ ಎಂದರೆ ನೇಕಾರನ ತಲೆಗೆ ಸೀರೆಯ ಹೊರತು ಇನ್ನೇನೂ ಬರುವುದಿಲ್ಲ. ಹೊರಗೆ ಕೊಂಡರೆ ದುಡ್ಡು. ಮನೆಯಲ್ಲಿಯೇ ರಾಶಿ ಬಿದ್ದಿರುವಾಗ ಕೊಳ್ಳುವುದು ಮಗ್ಗಕ್ಕೆ ಮಾಡುವ ಅಪಮಾನ. ಒಳ್ಳೆಯ ಸೀರೆಗಳೆಲ್ಲ ಜಮಖಂಡಿಯ ವ್ಯಾಪಾರಿ ಜಕ್ಕಪ್ಪನಿಗೆಂದು ಗಂಟು ಕಟ್ಟಿಯಾಗಿತ್ತು. ಉಳಿದದ್ದು ಸೆಕೆಂಡ್ಸ್ ಮಾಲು, ಅಂದರೆ ಸ್ವಲ್ಪ ಊನವಿದ್ದ ಕಿಡಕಿ ಮಗ್ಗದ ಸೀರೆಗಳು.

ಈ ಕಿಡಕಿ ಮಗ್ಗದ ಬಗ್ಗೆ ಒಂದು ಮಾತು ಹೇಳಲೇಬೇಕು. ಕರೆಪ್ಪನ ಸೀರೆಗಳ ಅಂಚಿನಲ್ಲಿ ನವಿಲಿನ ಸಾಲು ಇರುತ್ತದೆ. ಕಿಡಕಿಯ ಪಕ್ಕದ ಮಗ್ಗದಲ್ಲಿ ಮಾತ್ರ, ಆ ಚಿತ್ರ ಎತ್ತುವ ಜಕಾರ್ಡಿನ ಕೊಕ್ಕೆಯೊಂದು ಮುರಿದು, ನವಿಲುಗಳೆಲ್ಲ ಒಂದೇ ಕಾಲಿನಲ್ಲಿ ಹುಟ್ಟುತ್ತಿದ್ದವು. ಮಗ್ಗದಿಂದ ಇಳಿದ ಪ್ರತಿ ಸೀರೆಯನ್ನೂ ನೋಡಿ ಮಡಿಕೆ ಹಾಕುವವಳು ಉಜ್ವಲಾ. ಮಡಿಕೆ ಹಾಕುವಾಗಲೆಲ್ಲ, "ರೀ, ಈ ನವಿಲಿಗೊಂದು ಕಾಲು ಕೊಡಸ್ರಿ" ಎನ್ನುವಳು. "ಉಟ್ಟಮ್ಯಾಲೆ ನಿರಿಗಿಯೊಳಗ ನವಿಲಿನ ಕಾಲಾ ಯಾರು ನೋಡ್ತಾರ? ಮಿಸ್ತ್ರಿಗೆ ಹೇಳೇನಿ, ಬರ್ತಾನ" ಎಂದು ಇವನು ಅನ್ನುವನು. ಮಿಸ್ತ್ರಿಗೆ ಹೇಳಿರಲಿಲ್ಲ. ವರ್ಷಗಟ್ಟಲೆ ಹೀಗೇ ನಡೆದು ಕರೆಪ್ಪನ ಕಣ್ಣಿಗೆ ಆ ನವಿಲು ಕುಂಟನೆಂದೇ ಕಾಣದ ಹಾಗಾಗಿತ್ತು.

ಅಂಥ ಒಂದು ಹಸಿರು ಸೀರೆಯನ್ನು ಎಳೆದು ಪಿಶವಿಯಲ್ಲಿ ತುರುಕಿಕೊಂಡು ಕರೆಪ್ಪ ಜಮಖಂಡಿಯ ಬಸ್ಸು ಹತ್ತಿದ. ಎಡಗೈಯಿಂದ ಒಂದು ಚೀಟಿ ಬರೆದ: "ನಾನು ನಿಮ್ಮ ಅಭಿಮಾನಿ ಪ್ರೇಮಕುಮಾರ. ಒಪ್ಪಿಗೆಯಿದ್ದರೆ ಗುರುವಾರ ಮಧ್ಯಾಹ್ನ ಈ ಸೀರೆ ಉಟ್ಟು ಮುಧೋಳದ ಬಸ್ ನಿಲ್ದಾಣಕ್ಕೆ ಬನ್ನಿ." ಕೊರಿಯರಿಗೆ ಕೊಟ್ಟು ಹೊರಗೆ ಬಂದಾಗ ತನ್ನ ಜಾಣತನಕ್ಕೆ ತಾನೇ ಮೆಚ್ಚಿ ಒಂದು ಪ್ಲೇಟು ಭಜಿ ತಿಂದ.

ಪಾರ್ಸಲ್ ಸೋಮವಾರ ಮುಂಜಾನೆ ಬಂತು. ಕರೆಪ್ಪ ಮಗ್ಗದ ಮರೆಯಲ್ಲಿ ನಿಂತು ನೋಡಿದ. ಉಜ್ವಲಾ ಸಹಿ ಮಾಡಿ ತಗೊಂಡು ಒಳಗೆ ಹೋದಳು. ಇನ್ನೇನು ಗರ್ಜನೆ ಕೇಳುತ್ತದೆ ಎಂದು ಅವನು ಮೀಸೆ ತೀಡಿಕೊಂಡು ಕಾದ. ಗರ್ಜನೆ ಬರಲಿಲ್ಲ. ಊಟಕ್ಕೆ ಕೂತಾಗ ಹೇಳಬಹುದು ಎಂದುಕೊಂಡ.

"ಪಲ್ಲೆ ಹೆಂಗಾಗೈತ್ರಿ?" ಎಂದಳು ಉಜ್ವಲಾ.

"ಛಲೋ ಆಗೈತಿ. ಮತ್ತೇನು ವಿಶೇಷ?"

"ಬದನಿಕಾಯಿಯೊಳಗ ಏನ್ ವಿಶೇಷ ಇರ್ತೈತಿ?"

ಸಂಜೆಗೆ ಅವನೇ ಕೆದಕಿದ. "ಮುಂಜಾನೆ ಯಾರರ ಬಂದಿದ್ರೇನು?"

"ಹಾಂ, ಬಂದಿದ್ದ."

ಕರೆಪ್ಪ ಹತ್ತಿರ ಸರಿದ. "ಯಾರು?"

"ಗ್ಯಾಸಿನಾವ."

ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ಅದರ ಮೇಲೆ ಉಜ್ವಲಾ ಅಡುಗೆಮನೆಯಲ್ಲಿ ಏನೋ ಗುನುಗಲು ಶುರುಮಾಡಿದಳು. ಕೈಗೆ ಮೆಹಂದಿ ಹಚ್ಚಿಕೊಂಡಳು. ಕರೆಪ್ಪ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಏಳತೊಡಗಿದ. ಪ್ರೇಮಕುಮಾರನ ಮೇಲೆ ಅವನಿಗೆ ಎಂಥ ಸಿಟ್ಟು ಬಂತೆಂದರೆ, ಸಿಕ್ಕರೆ ಕೊರಳಪಟ್ಟಿ ಹಿಡಿದು ನಾಲ್ಕು ಬಾರಿಸಿಯೇ ಬಿಡುತ್ತಿದ್ದ. ಆ ಪ್ರೇಮಕುಮಾರ ತನ್ನದೇ ಅಂಗಿಯೊಳಗೆ ಇದ್ದಾನೆ ಎಂದು ನೆನಪಾದಾಗ ಸಿಟ್ಟು ಕಡಿಮೆಯಾಗುವ ಬದಲು ಹೆಚ್ಚಾಯಿತು. ಅವನಿಗೆ ನಿಜವಾಗಿ ಭಯ ಹುಟ್ಟಿತ್ತು. ಇಷ್ಟು ವರ್ಷ ಅನುಮಾನವೆಂಬುದು ಸುಳಿಯದ ಮನೆಗೆ ಅದನ್ನು ತಾನೇ ಕೊರಿಯರಿನಲ್ಲಿ ಕರೆಸಿಕೊಂಡಿದ್ದ. ಉಜ್ವಲಾ ಹೋಗಿಬಿಟ್ಟರೆ ತನಗೆ ಮನೆಯೆಂಬುದೇ ಇರುವುದಿಲ್ಲ ಎಂದು ಯೋಚಿಸಿ ಕಣ್ಣಲ್ಲಿ ನೀರು ತಂದುಕೊಂಡ.

ಓಡಿಹೋಗಿ ಕಾಮಣ್ಣನನ್ನು ಕೇಳಿದ. "ಲೇ, ಫೇಲ್ ಆದ್ರ ಏನ್ ಮಾಡಬೇಕೋ?"

"ನನಗೇನ್ ಗೊತ್ತಪಾ?" ಎಂದ ಕಾಮಣ್ಣ ನೂಲಿನ ಲಡಿ ತೂಗುತ್ತ. "ನಮ್ಮಾಕಿ ಪಾಸಾಗ್ಯಾಳ."

ಬುಧವಾರ ಸಂಜೆ ಉಜ್ವಲಾ ಸೀರೆ ಮಡಚುತ್ತ, ತಲೆ ಎತ್ತದೆ, "ನಾಳೆ ಮುಧೋಳಕ್ಕ ಹೋಗಿ ಬರ್ತೀನ್ರಿ," ಎಂದಳು.

"ಯಾ... ಯಾಕ?"

"ಒಬ್ಬರು ಕರದಾರ."

"ಯಾರು?"

"ನಿಮಗ ಗೊತ್ತಿಲ್ಲದಾವ್ರೇನಲ್ಲ ಬಿಡ್ರಿ."

ಬ್ಯಾಡ ಎನ್ನಬೇಕೆಂದರೂ ಆಗಲಿಲ್ಲ. ಬೇಡವೆಂದರೆ ಪರೀಕ್ಷೆ ಅರ್ಧಕ್ಕೆ ನಿಲ್ಲುತ್ತದೆ, ಹೂಂ ಎಂದರೆ ಸಂಸಾರ ನಿಲ್ಲುತ್ತದೆ. ಕರೆಪ್ಪ ಎರಡಕ್ಕೂ ಆಗುವ ಹಾಗೆ ಕೆಮ್ಮಿದ.

ಗುರುವಾರ ಅವನು ಜಕ್ಕಪ್ಪನ ಕೆಲಸವೆಂದು ಹೇಳಿ ಮುಂಚೆಯೇ ಹೊರಟು ಮುಧೋಳ ಸೇರಿದ. ಬಸ್ ನಿಲ್ದಾಣದ ಪಕ್ಕದ ಕಬ್ಬಿನ ಹಾಲಿನ ಗಾಡಿಯ ಹಿಂದೆ ನಿಂತ. ತಲೆಗೆ ಟವೆಲ್, ಕಣ್ಣಿಗೆ ಕಪ್ಪು ಕನ್ನಡಕ, ಬಾಯಿಗೆ ಕೊರೊನಾ ಕಾಲದಲ್ಲಿ ಉಳಿದ ಮಾಸ್ಕು. ಯಾರಿಗೂ ಗುರುತು ಸಿಗಬಾರದೆಂದು ಮಾಡಿದ ಈ ಏರ್ಪಾಟನ್ನು ನಿಲ್ದಾಣದಲ್ಲಿ ಎಲ್ಲರೂ ತಿರುತಿರುಗಿ ನೋಡುತ್ತಿದ್ದರು.

ಬನಹಟ್ಟಿಯ ಬಸ್ಸು ಬಂತು. ಬಾಗಿಲಿನಲ್ಲಿ ಮೊದಲು ಕಂಡದ್ದು ಹಸಿರು ಸೀರೆ, ಅಂಚಿನ ನವಿಲು. ಕರೆಪ್ಪ ಕಣ್ಣು ಮುಚ್ಚಿಕೊಂಡ. ಮುಗಿಯಿತು, ಬಂದೇಬಿಟ್ಟಳು ಎಂದುಕೊಂಡ. ಕಣ್ಣು ತೆರೆದಾಗ ಆ ಸೀರೆ ಕಂಡಕ್ಟರನ ಕೈ ಹಿಡಿದು, "ಸಾವಕಾಶ್ ಬಿಡೋ ತಮ್ಮಾ, ಮಂಡಿ ಹಿಡದೈತಿ" ಎನ್ನುತ್ತ ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು.

ಅದು ಗುರುಬಾಯಿ! ಪ್ರೇಮಕುಮಾರನ ಪ್ರೇಮದ ಕಾಣಿಕೆಯನ್ನು ಅವನ ಹೆತ್ತ ತಾಯಿ ಉಟ್ಟುಕೊಂಡು ಬಂದಿದ್ದಳು. ಬೆನ್ನ ಹಿಂದೆ ಉಜ್ವಲಾ, ಉಜ್ವಲಾಳ ಹಿಂದೆ ಕಾಮಣ್ಣನ ಮಂಗಲಾ.

ಗುರುಬಾಯಿ ನಿಲ್ದಾಣದ ನಟ್ಟನಡುವೆ ನಿಂತು, ಸೆರಗು ಸರಿಮಾಡಿಕೊಂಡು, ಗದ್ದೆಗೆ ಕೂಗುವ ದನಿಯಲ್ಲಿ ಕರೆದಳು. "ಯಾರಪಾ ಅಂವಾ ಪ್ರೇಮಕುಮಾರಾ? ನನ್ನ ಅಭಿಮಾನಿ? ಸೀರಿ ಉಟಗೊಂಡು ಬಂದೀನಿ, ಬಾ!"

ನಿಲ್ದಾಣಕ್ಕೆ ನಿಲ್ದಾಣವೇ ತಿರುಗಿತು. ಕಂಡಕ್ಟರನು ಬಸ್ಸಿನ ಮೈ ಬಡಿದು, "ಪ್ರೇಮಕುಮಾರ ಯಾರ್ರೀ? ಆಯಿ ಕರ್ಯಾಕತ್ತಾಳ, ಲಗೂನ ಬರ್ರಿ!" ಎಂದು ತಾನೂ ಕೂಗಿದ. ಕರೆಪ್ಪ ಮೆಲ್ಲಗೆ ಗಾಡಿಯ ಕೆಳಗೆ ಬಗ್ಗಿದ. ಕಬ್ಬಿನ ಹಾಲಿನವನು ಒಳ್ಳೆಯ ಮನುಷ್ಯ, ಸಹಾಯ ಮಾಡಲೆಂದು ಕೈ ಎತ್ತಿ, "ಇಲ್ಲೊಬ್ಬಾವ ಅಡಗ್ಯಾನ ನೋಡ್ರಿ!" ಎಂದ.

ಸಿಕ್ಕಿಬಿದ್ದವನು ಮೊದಲು ಎದುರುಬೀಳಬೇಕು ಎಂದು ಕರೆಪ್ಪ ಎಲ್ಲೋ ಕೇಳಿದ್ದ. ಟವೆಲ್ ಕಿತ್ತು ಎದ್ದು ನಿಂತು ಉಜ್ವಲಾಳಿಗೆ ಬೆರಳು ತೋರಿಸಿದ.

"ನಿನ್ನ ಹಿಡೀಬೇಕಂತನ ಬಂದೀನಿ! ಯಾವನೋ ಸೀರಿ ಕಳಿಸಿದ್ದು, ಇಲ್ಲಿಗೆ ಕರದಿದ್ದು ನನಗ ಗೊತ್ತಿಲ್ಲಂತ ತಿಳದಿ ಏನು?"

"ನಿಮಗ ಯಾರು ಹೇಳಿದ್ರು?" ಎಂದಳು ಉಜ್ವಲಾ.

"ಯಾರಂದ್ರ... ಅದು..."

"ಚೀಟಿ ನನ್ನ ಹಂತೇಕ ಐತಿ, ಸೀರಿ ಅತ್ತಿಯವರ ಮೈಮ್ಯಾಲೆ ಐತಿ. ನಾವು ಯಾರೂ ಹೇಳಿಲ್ಲ. ಪ್ರೇಮಕುಮಾರ ಹೇಳ್ಯಾನೇನು?"

ಕರೆಪ್ಪನ ಬೆರಳು ತಾನಾಗಿ ಕೆಳಗಿಳಿಯಿತು. ಉಜ್ವಲಾ ಅತ್ತೆಯ ಸೆರಗಿನ ಅಂಚು ಹಿಡಿದು ಅವನ ಮೂಗಿನ ಮುಂದೆ ಒಡ್ಡಿದಳು.

"ಇದ್ಯಾವ ಪಕ್ಷಿ?"

"ನವಿಲು."

"ಎಷ್ಟು ಕಾಲು?"

ಕರೆಪ್ಪ ನೋಡಿದ. ವರ್ಷಗಳ ಮೇಲೆ ಮೊದಲ ಸಲ ಸರಿಯಾಗಿ ನೋಡಿದ.

"ಜಗತ್ತಿನ್ಯಾಗ ಒಂಟಿ ಕಾಲಿನ ನವಿಲು ಹುಟ್ಟೂದು ಒಂದ ಮಗ್ಗದಾಗ್ರಿ," ಎಂದಳು ಉಜ್ವಲಾ. "ಮತ್ತ ಆ ಮಗ್ಗದ ಸೀರಿ ಮಡಚಾಕಿ ನಾನ. ನಾ ಹಾಕಿದ ಮಡಿಕಿ ನನಗ ಕಳಿಸಿ ನನ್ನ ಪರೀಕ್ಷಾ ಮಾಡಾಕ ಹೊಂಟೀರಿ! ಹೋಗ್ಲಿ, ಅಭಿಮಾನಿ ಅಂತ ವೇಷಾ ಹಾಕಿದ ಮ್ಯಾಲರ ಎರಡು ಕಾಲಿನ ನವಿಲು ಕಳಸಬಾರದೇನ್ರಿ? ಪ್ರೀತಿಗೂ ಸೆಕೆಂಡ್ಸ್ ಮಾಲೇನು?"

ಮಂಗಲಾ ನಕ್ಕು ನಕ್ಕು ಸೂಟ್‌ಕೇಸಿನ ಮೇಲೆ ಕೂತುಬಿಟ್ಟಳು. (ಅದು ಬೇರೆ ಯಾರದೋ ಸೂಟ್‌ಕೇಸು. ಅವರೂ ನಗುತ್ತಿದ್ದರು.)

"ಇಂವಗ ಸಾಲ್ಯಾಗ ಮಾಸ್ತರು ಒಂಟಿ ಕಾಲಮ್ಯಾಲೆ ನಿಲ್ಲಸತಿದ್ರು," ಎಂದು ಗುರುಬಾಯಿ ಕಂಡಕ್ಟರನಿಗೆ ವಿವರಿಸಿದಳು. "ನಾನ ಹೋಗಿ ಬಿಡಿಸಿಕೊಂಡು ಬರ್ತಿದ್ದೆ. ಬಿಡಸಬಾರದಿತ್ತು."

ಇಷ್ಟಾದರೂ ಕರೆಪ್ಪನಿಗೆ ಒಳಗೊಳಗೆ ಜೀವ ಬಂದ ಹಾಗಾಗಿತ್ತು. ಹೆಂಡತಿ ಎಲ್ಲಿಗೂ ಹೋಗಿಲ್ಲ! ಆ ಸಂತೋಷದಲ್ಲಿ ಬಾಯಿ ತಪ್ಪಿ, "ಅಂತೂ ನೀ ಪಾಸಾದಿ ತೊಗೋ," ಎಂದುಬಿಟ್ಟ.

ಉಜ್ವಲಾಳ ನಗು ನಿಂತಿತು.

"ನಿಮ್ಮ ಸಾಲಿಗೆ ನಾ ಹೆಸರು ಹಚ್ಚಿಲ್ಲ," ಎಂದಳು. "ಒಂದು ಮಾತು ಕೇಳ್ತೇನಿ, ಹೇಳ್ರಿ. ಗಿರಾಕಿ ಬಂದು, ಬಣ್ಣ ಬಿಡತೈತೇನೋ ನೋಡ್ತೀನಿ ಅಂತ ನಿಮಗ ಕಾಣದಂಗ ಹೊಸಾ ಸೀರಿ ನೀರಾಗ ಅದ್ದಿದ್ರ ಏನಂತೀರಿ?"

"ಆ ಸೀರಿ ನೀನ ತಗೊಂಡು ಹೋಗಪಾ ಅಂತೀನಿ."

"ಯಾಕ? ಬಣ್ಣ ಬಿಟ್ಟಿಲ್ಲಲ್ಲ?"

"ಬಿಡದಿದ್ರೇನಾತು? ಗಂಜಿ ಹೋತು, ಮಡಿಕಿ ಹೋತು. ಬಣ್ಣ ಗಟ್ಟಿ ಇದ್ರೂ ಅದನ್ನ ಮತ್ತ ಹೊಸಾದು ಅನ್ನಾಕ..."

ವ್ಯಾಪಾರದ ಮಾತು ಬಂದರೆ ಕರೆಪ್ಪನ ನಾಲಿಗೆ ಬುದ್ಧಿಗಿಂತ ಮುಂದೆ ಓಡುತ್ತದೆ. ಬುದ್ಧಿ ಬಂದು ತಲುಪಿದಾಗ ನಾಲಿಗೆ ಅಲ್ಲಿಯೇ ನಿಂತಿತು.

"ಹಂಗ ನನಗೂ ಆಗೈತ್ರಿ," ಎಂದಳು ಉಜ್ವಲಾ, ಈಗ ಮೆಲ್ಲಗೆ. "ಪಾರ್ಸಲ್ ಬಿಚ್ಚಿ ನವಿಲು ನೋಡಿ ಮೊದಲು ನಗು ಬಂತು. ಆಮ್ಯಾಲೆ ಅಡಗಿಮನ್ಯಾಗ ಕುಂತಾಗ ಅಳು ಬಂತು. ಇಷ್ಟು ವರ್ಷ ಕೂಡಿ ಬದುಕಿ ಇವರಿಗೆ ನನ್ನ ಗುರುತ ಆಗಲಿಲ್ಲಲ್ಲಾ ಅಂತ. ಬಾಯಿ ಬಿಟ್ಟು ಕೇಳಿದ್ರ ನಾ ಹೇಳ್ತಿದ್ದಿಲ್ಲೇನು?"

ಕರೆಪ್ಪನಿಗೆ ನಾಚಿಕೆಯಾಯಿತು, ಸಂಕಟವಾಯಿತು. ಅವಳು ಅಡುಗೆಮನೆಯಲ್ಲಿ ಅಳುತ್ತಿದ್ದಾಗ ತಾನು ಮಗ್ಗದ ಹಿಂದೆ ಮೀಸೆ ತೀಡುತ್ತಿದ್ದೆನಲ್ಲ ಎಂದು ನೆನಪಾಗಿ ಮೀಸೆಯೇ ಬೇಡವೆನ್ನಿಸಿತು. "ತಪ್ಪಾತು ಉಜ್ವಲಾ," ಎಂದ. ನಿಲ್ದಾಣದಲ್ಲಿ ಎಲ್ಲರೂ ಕೇಳುವ ಹಾಗೆ ಇನ್ನೊಮ್ಮೆ ಅಂದ.

"ತಪ್ಪಾತು ಅಂದಿ ಅಲಾ, ಈಗ ಎಲ್ಲಾರಿಗೂ ಕಬ್ಬಿನ ಹಾಲು ಕುಡಸು," ಎಂದಳು ಗುರುಬಾಯಿ. "ಅಭಿಮಾನಿ ಅಂದಮ್ಯಾಲೆ ಅಷ್ಟರ ಬ್ಯಾಡೇನು?"

ಕಬ್ಬಿನ ಹಾಲು ಕುಡಿಯುತ್ತ ಮಂಗಲಾ ಗುಟ್ಟಿನ ದನಿಯಲ್ಲಿ ಹೇಳಿದಳು. "ಅಣ್ಣಾರ, ನಮ್ಮನಿಯವರಿಗೆ ಏನೂ ಹೇಳಬ್ಯಾಡ್ರಿ. ಹೆಂಡತಿ ಪಾಸಾಗ್ಯಾಳಂತ ಕುಣ್ಯಾಕತ್ತಾರ, ಕುಣೀಲಿ. ಅವರ ಹೊಸಾ ನಂಬರಿನ ವಾಟ್ಸಾಪ್ ಫೋಟೋದಾಗ ನಮ್ಮನಿ ಬೆಕ್ಕು ಕುಂತಿತ್ತು."

ಅಷ್ಟಕ್ಕೆ ಮುಗಿದಿದ್ದರೆ ಕರೆಪ್ಪ ಹೇಗೋ ತಲೆ ಎತ್ತಿ ತಿರುಗುತ್ತಿದ್ದ. ಆದರೆ ಆ ಭಾನುವಾರ ಲೋಕಾಪುರದಲ್ಲಿ ಬೀಗರ ಲಗ್ನವಿತ್ತು. ಅತ್ತೆ, ಸೊಸೆ, ಮಂಗಲಾ ಮೂವರೂ ಮಾತಾಡಿಕೊಂಡವರ ಹಾಗೆ ಕಿಡಕಿ ಮಗ್ಗದ ಸೀರೆಯನ್ನೇ ಉಟ್ಟರು. ಗಂಡಸರ ಸಾಲಿನಲ್ಲಿ ಊಟಕ್ಕೆ ಕೂತಿದ್ದ ಕರೆಪ್ಪನಿಗೆ ಹೆಂಗಸರ ಕಡೆಯಿಂದ ನಗು ಕೇಳಿಸಿತು. ಯಾರೋ ಅಂಚು ಮುಟ್ಟಿ ಏನೋ ಕೇಳುವರು, ಉಜ್ವಲಾ ಅವರ ಕಿವಿಯಲ್ಲಿ ಏನೋ ಹೇಳುವಳು, ನಗು ಭುಗಿಲೆನ್ನುವುದು, ಆಮೇಲೆ ಅವರೆಲ್ಲ ಒಟ್ಟಿಗೆ ತಿರುಗಿ ಕರೆಪ್ಪನನ್ನು ನೋಡುವರು. ಅವತ್ತು ಅವನು ಬುಂದೆಯನ್ನು ತಲೆ ತಗ್ಗಿಸಿಯೇ ತಿಂದ.

ನಾಲ್ಕು ದಿನ ಊರಿನ ನಗು ತಡೆದುಕೊಂಡು, ಐದನೆಯ ದಿನ ಹೋಗಿ ಮಿಸ್ತ್ರಿಯನ್ನು ಕೈ ಹಿಡಿದು ಕರೆತಂದ. ಈ ಕುಂಟ ನವಿಲಿಗೆ ಇವತ್ತೇ ಕಾಲು ಕೊಟ್ಟು ಊರಿನ ಬಾಯಿ ಮುಚ್ಚಿಸಬೇಕು ಎಂಬುದು ಅವನ ಹಟ. ಮಿಸ್ತ್ರಿ ಮಗ್ಗ ನಿಲ್ಲಿಸಿ, ಮೇಲೆ ಹತ್ತಿ, ಪಕ್ಕಡ ತೆಗೆದು ಇನ್ನೇನು ಕೊಕ್ಕೆಗೆ ಕೈ ಹಾಕಬೇಕು, ಅಷ್ಟರಲ್ಲಿ ಜಮಖಂಡಿಯಿಂದ ಜಕ್ಕಪ್ಪ ಬೆವರು ಒರೆಸಿಕೊಳ್ಳುತ್ತ ಬಂದ.

"ಕರೆಪ್ಪಾ, ಒಂಟಿ ಕಾಲಿನ ನವಿಲಿನ ಸೀರಿ ಇದ್ದಷ್ಟೂ ಕೊಡು. ಲೋಕಾಪುರದ ಲಗ್ನದಾಗ ಯಾರೋ ಉಟ್ಟಿದ್ರಂತ, ಅಂಗಡಿಗೆ ಬಂದ ಹೆಣ್ಮಕ್ಕಳೆಲ್ಲಾ ಅದನ್ನ ಬೇಡಾಕತ್ತಾರ. ಎರಡು ಕಾಲಿಂದು ತೋರಿಸಿದ್ರ ದೂರ ಸರಸ್ತಾರ. ಇನ್ನ ಮುಂದ ಎಲ್ಲಾ ಮಗ್ಗದಾಗೂ ಅದನ್ನ ನೇಯಿ!"

"ಮಿಸ್ತ್ರಿ, ಕೈ ತಗೀರಿ," ಎಂದಳು ಉಜ್ವಲಾ, ಸೀರೆ ಮಡಚುತ್ತಿದ್ದಲ್ಲಿಂದ. ಮಿಸ್ತ್ರಿ ಕೈ ತೆಗೆದ.

"ಆದರ ಒಂದು ತಿಳೀವಲ್ದು ತಂಗಿ," ಎಂದು ಜಕ್ಕಪ್ಪ ಕಟ್ಟೆಯ ಮೇಲೆ ಕೂತ. "ಆ ಹೆಣ್ಮಕ್ಕಳು ನವಿಲು ನೋಡಿ ನೋಡಿ ನಗತಾರ. ಯಾಕಂತ ಕೇಳಿದ್ರ ಒಬ್ಬರೂ ಹೇಳವಲ್ರು. ಯಾಕ ಅದು ಒಂಟಿ ಕಾಲಮ್ಯಾಲೆ ನಿಂತೈತಿ?"

"ನೇಯ್ದಾವ್ರು ಅಲ್ಲೇ ನಿಂತಾರಲ್ರಿ," ಎಂದಳು ಉಜ್ವಲಾ. "ಅವರನ್ನ ಕೇಳ್ರಿ."

ಗುರುಬಾಯಿ ಸೊಪ್ಪು ಸೋಸುವುದನ್ನು ಬಿಟ್ಟಳು. ಮಿಸ್ತ್ರಿ ಮೇಲಿನಿಂದ ಬಗ್ಗಿದ. ಕರೆಪ್ಪ ಗಂಟಲು ಸರಿಮಾಡಿಕೊಂಡ.

"ಹೆಂಡತಿನ್ನ ಪರೀಕ್ಷಾ ಮಾಡಾಕ ಹೋಗಿತ್ತರಿ. ಅದಕ್ಕ ನಿಲ್ಲಿಸ್ಯಾರ."

ಜಕ್ಕಪ್ಪನ ಹೊಟ್ಟೆ ಕುಲುಕಾಡುವುದು ನಿಲ್ಲಲು ಬಹಳ ಹೊತ್ತು ಹಿಡಿಯಿತು. "ಮತ್ತ ಇನ್ನೊಂದು ಕಾಲು ಯಾವಾಗ ಊರತೈತಪಾ?" ಎಂದು ಕಣ್ಣೊರೆಸಿಕೊಂಡ.

ಕರೆಪ್ಪ ಹೆಂಡತಿಯ ಕಡೆ ನೋಡಿದ. ಉಜ್ವಲಾ ನಗು ತಡೆದುಕೊಂಡು ಇನ್ನೊಂದು ಸೀರೆ ಎತ್ತಿಕೊಂಡಳು.

"ಇನ್ನೂ ಹೇಳಿಲ್ರಿ," ಎಂದ ಕರೆಪ್ಪ.